ಹಳದಿ ಕಣ್ಣಿನ ಹಕ್ಕಿಗೆ ಬಸ್ಸಮ್ಮ ಹುಡುಕಿದ ಹೆಸರು

ಪಾಮನಕಲ್ಲೂರಿನ ಬಸ್ಸಮ್ಮ ಆ ಮಧ್ಯಾಹ್ನ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದವಳು ಹೆಜ್ಜೆ ಕಿತ್ತಿಡದೆ ನಿಂತುಬಿಟ್ಟಳು. ನುಗ್ಗೆ ಮರದ ಕೆಳಗೆ, ಕಲ್ಲುಗಳ ನಡುವಿನಿಂದ, ಎರಡು ದೊಡ್ಡ ಹಳದಿ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಆ ಕಣ್ಣುಗಳ ಹಿಂದೆ ಒಂದು ಹಕ್ಕಿ ಇದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಗೋಡೆಯಾಚೆಯಿಂದ ನೆರೆಮನೆಯ ಬಸವಣ್ಣೆಮ್ಮ ಇಣುಕಿದಳು. “ಯವ್ವಾ, ಗೂಗಿ ಕುಂತೈತಲ್ಲಬೇ! ಹಗಲಾಗ ಬಂದೈತಿ ಅಂದ್ರ ಸುಮ್ನ ಬಂದಿಲ್ಲ. ಇವತ್ತ ಮನಿಗಿ ಕೀಲಿ ಹಾಕು.”

ಗೂಬೆ ಕೂತ ಮನೆಯನ್ನು ಮೂರು ತಿಂಗಳು ಬಿಟ್ಟಿರುವುದು ನಮ್ಮ ಕಡೆ ಎಷ್ಟೋ ಮನೆಗಳ ರೂಢಿ. ಆದರೆ ಒಳಗೆ ಬಸ್ಸಮ್ಮನ ಮಗಳು ಭಾರತಿ ಮಲಗಿದ್ದಳು. ಚೊಚ್ಚಲ ಹೆರಿಗೆಗೆ ಬಂದವಳು, ಎಂಟನೆಯ ತಿಂಗಳು. ಎರಡು ಸಲ ರಕ್ತ ಹೋಗಿತ್ತು. ಮಾಸು ಕೆಳಗಿಳಿದು ಗರ್ಭದ ಬಾಯಿಗೆ ಅಡ್ಡವಿದೆ, ಆಟೋದ ಕುಲುಕಾಟವೂ ಬೇಡ, ಮಲಗಿದ್ದಲ್ಲಿಂದ ಏಳಿಸಬೇಡಿ ಎಂದು ಲಿಂಗಸುಗೂರಿನ ಡಾಕ್ಟರಮ್ಮ ಹೇಳಿದ್ದರು.

ಬಸ್ಸಮ್ಮನ ಅಂಜಿಕೆ ಹಳೆಯದು. ಮದುವೆಯಾದ ಎರಡನೆಯ ವರ್ಷ ಅತ್ತೆಯ ಮಾಳಿಗೆಯ ಮೇಲೆ ಗೂಬೆ ಕೂತಿತ್ತು. ಯಾರೂ ಮನೆ ಬಿಡಲಿಲ್ಲ. ಅವಳ ಮೂರು ತಿಂಗಳ ಗಂಡು ಕೂಸು ಜ್ವರದಲ್ಲಿ ಹೋಯಿತು.

ಸಂಜೆಯೊಳಗೆ ಸುದ್ದಿ ಹಟ್ಟಿ ಗಣಿಯಲ್ಲಿದ್ದ ಗಂಡ ಅಂಬಪ್ಪನಿಗೆ ಮುಟ್ಟಿತು. ಅವನು ಕೂಡಲೇ ಫೋನು ಮಾಡಿದ. “ನಾಡಿದ್ದ ಬರ್ತೀನಿ, ಆಟೋ ತರ್ತೀನಿ. ಮಸ್ಕಿಗಿ, ಅಣ್ಣನ ಮನಿಗಿ ಹೋಗೂಣು. ದಿನಾ ನೆಲದಾಗ ಇಳಿಯಾಂವ ನಾ. ನನಗ ಅಂಜಿಕಿ ಬರಾಕತ್ತೈತಿ.”

ಅದು ಗೂಬೆ ಹೌದೋ ಅಲ್ಲವೋ ತಿಳಿಯಲು ಒಂದೇ ದಿನ ಉಳಿದಿತ್ತು. ಬಸ್ಸಮ್ಮ ಭಾರತಿಯ ಫೋನು ಕದ್ದುಮುಚ್ಚಿ ತಂದು ಹಕ್ಕಿಯ ಫೋಟೋ ಹೊಡೆದಳು. ಅದರಲ್ಲಿ ಬರೀ ಕಲ್ಲು, ಒಣಗಿದ ಎಲೆ. ಹಕ್ಕಿ ಇಲ್ಲವೇ ಇಲ್ಲ. ಫೋಟೋಗೂ ಸಿಗದ್ದು ಎಂಥ ಹಕ್ಕಿ?

ಅವಳಿಗೆ ಓದು ಬರಹ ಬಾರದು. ಆದರೆ ಹನ್ನೆರಡು ವರ್ಷ ಹತ್ತಿ ಬೀಜದ ಹೊಲಗಳಲ್ಲಿ ಬೀಜ ಕಟ್ಟಲೆಂದು ಹೂವಿಗೆ ಹೂವು ಮುಟ್ಟಿಸಿ, ಯಾವುದು ಮುಗಿಯಿತೆಂದು ಗುರುತಿಗೆ ಬಣ್ಣದ ದಾರ ಕಟ್ಟಿದವಳು. ಮರುದಿನ ಬೆಳಿಗ್ಗೆ ಅದೇ ದಾರಗಳನ್ನು ಹಿಡಿದು ಒಲೆಯ ಕಟ್ಟೆಯ ಮೇಲೆ ಕೂತು ಕಿಟಕಿಯಿಂದ ನೋಡಿದಳು. ಕಣ್ಣಿಗೆ ಹಳದಿ ಗಂಟು. ಮೈಗೆ ಮಣ್ಣಿನ ಬಣ್ಣ, ನಡುನಡುವೆ ಕರಿ ಎಳೆ. ಹಕ್ಕಿ ಎದ್ದು ನಿಂತಾಗ ಕಾಲಿಗೆ ಮತ್ತೆ ಹಳದಿ. ಕಾಲು ಎಷ್ಟುದ್ದ ಕಂಡಿತೋ ಅಷ್ಟುದ್ದ ದಾರ ಹರಿದಳು.

ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಊರ ಕೊನೆಯ ಬಂದೇಸಾಬನ ಮನೆಗೆ ಹೋದಳು. ಅವನು ಹರೆಯದಲ್ಲಿ ಗುಡ್ಡ ಸುತ್ತಿ ಹಕ್ಕಿಗಳನ್ನೆಲ್ಲ ಬಲ್ಲವನು. ಮೊದಲ ಗಂಟು ನೋಡಿ ನಕ್ಕ. “ಏನಬೇ ಬಸ್ಸವ್ವ, ತಾಯ್ತ ಮಾಡಿಸ್ಕೊಂಡು ಬಂದೀಯೇನು?”

“ಹಕ್ಕಿ ಐತಿ ಇದ್ರಾಗ. ಈ ಗಂಟು ಕಣ್ಣು. ಹೆಸರು ಹೇಳು.”

ಅವನ ನಗು ನಿಂತಿತು. “ಕಣ್ಣು ಹಳದಿ ಅಂದ್ರ ಗೂಗೀದೂ ಹಳದೀನ ಇರ್ತೈತಿ.”

ಬಸ್ಸಮ್ಮ ಉಳಿದ ದಾರಗಳನ್ನೂ ಅವನ ಮುಂದೆ ಬಿಚ್ಚಿಟ್ಟಳು. ಅವನು ಉದ್ದನೆಯ ದಾರ ಎಳೆದು ನೋಡಿದ. “ಇದೇನು?”

“ಕಾಲು.”

“ಇಷ್ಟುದ್ದ? ತುಪ್ಪಳ ಇತ್ತೇನು ಕಾಲಿಗಿ?”

“ಇಲ್ಲ. ಬರೀ ಕಾಲು. ಮೊಣಕಾಲು ದಪ್ಪ.”

“ನೀ ಸನೇಕ ಹೋದ್ರ ಹಾರ್ತೈತೋ, ಓಡ್ತೈತೋ?”

“ಓಡ್ತೈತಿ. ನಾಕು ಹೆಜ್ಜಿ ಓಡಿ ನಿಂದರ್ತೈತಿ.”

“ಕಲ್ಗೊರವ ಅದು! ಕಲ್ಲು ಭೂಮ್ಯಾಗ ಇರ್ತೈತಿ. ಕುಂತ್ರ ಕಲ್ಲು, ಎದ್ರ ಹಕ್ಕಿ. ಗೂಗಿಗಿ ಇಂಥ ಕಾಲು ಎಲ್ಲಿಂದ ತರ್ತಿ? ಫಿಕರ್ ಬಿಡು. ಹೆಸರು ಗೊತ್ತಾತಲ್ಲ, ಇನ್ನ ಅಂಜಿಕಿ ಹೋಗ್ತೈತಿ.”

ಮರುದಿನ ಅಂಬಪ್ಪ ಆಟೋ ತಂದೇಬಿಟ್ಟ. ಬಸ್ಸಮ್ಮ ಅವನ ರಟ್ಟೆ ಹಿಡಿದು ಹಿತ್ತಲಿಗೆ ಒಯ್ದಳು. ಹಕ್ಕಿ ತಲೆ ತಗ್ಗಿಸಿ ಓಡಿತು, ನಿಂತಿತು, ಹಳದಿ ಕಣ್ಣು ತಿರುಗಿಸಿ ನೋಡಿತು. ಅಂಬಪ್ಪ ಎರಡು ಹೆಜ್ಜೆ ಹಿಂದೆ ಸರಿದ.

“ನೋಡ್ರಿ, ಓಡ್ತೈತಿ. ಕಲ್ಗೊರವ ಅಂತ.”

“ಅದು ನಿಂಗ ಗೊತ್ತು, ಬಂದೇಸಾಬಗ ಗೊತ್ತು. ಊರ ಮಂದಿಗಿ?” ಅವನು ಹಕ್ಕಿಯಿಂದ ಕಣ್ಣು ತೆಗೆಯಲಿಲ್ಲ. “ನಾಳಿ ನಾ ಗಣಿಗಿ ಇಳೀಬೇಕಲೇ.”

“ಇಳೀರಿ. ನಿಮಗೇನರ ಆದ್ರ ಮಂದಿ ನನ್ನ ಬೈತಾರ. ಬೈಸ್ಕೊಂತೀನಿ. ಇಕಿನ್ನ ಮಾತ್ರ ಹಾಸಿಗ್ಯಾಗಿಂದ ಎಬ್ಬಸಂಗಿಲ್ಲ.”

ಹೇಳುವಾಗ ಅವಳಿಗೆ ಸತ್ತ ಕೂಸಿನ ಮುಖ ಕಣ್ಣೆದುರು ಬಂದಿತ್ತಂತೆ. ಆದರೂ ಬಾಗಿಲಿಗೆ ಅಡ್ಡ ನಿಂತಳು. ಆಟೋ ಖಾಲಿ ತಿರುಗಿ ಹೋಯಿತು.

ಹಕ್ಕಿ ಇನ್ನೂ ಐದು ದಿನ ಹಿತ್ತಲಲ್ಲೇ ಇತ್ತು. ಬಸವಣ್ಣೆಮ್ಮ ಗೋಡೆಯ ಕಡೆ ಮುಖ ಹಾಕುವುದನ್ನೇ ಬಿಟ್ಟಳು. ಪಾಳಿ ಮುಗಿಸಿ ಮೇಲೆ ಬಂದ ಅಂಬಪ್ಪನ ಫೋನು ಬರುವವರೆಗೆ ಬಸ್ಸಮ್ಮ ದಿನವೂ ಉಪವಾಸ. ಭಾರತಿ ಮಗ್ಗಲು ಬದಲಿಸಿದರೂ ಹೋಗಿ ಹಾಸಿಗೆ ಮುಟ್ಟಿ ನೋಡುತ್ತಿದ್ದಳು, ಒದ್ದೆಯಾಗಿದೆಯೇ ಎಂದು.

ಹಕ್ಕಿ ಬಂದ ಇಪ್ಪತ್ತಾರನೆಯ ದಿನ ಭಾರತಿಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ಆಂಬ್ಯುಲೆನ್ಸಿನಲ್ಲಿ ಮಗಳ ಕೈ ಹಿಡಿದು ಕೂತವಳಿಗೆ ಒಂದೇ ಯೋಚನೆ: ಅದು ಗೂಗೀನೇ ಇದ್ದಿದ್ದರೆ? ಲಿಂಗಸುಗೂರಿನಲ್ಲಿ ಆಪರೇಷನ್ ಆಯಿತು. ಹೆಣ್ಣು ಕೂಸು; ತೂಕ ಕಡಿಮೆ, ಆದರೆ ಗಟ್ಟಿಯಾಗಿ ಅತ್ತಿತು. ಇಷ್ಟು ದಿನ ಮಲಗಿಸಿದ್ದಕ್ಕೇ ಉಳಿಯಿತು ಎಂದರು ಡಾಕ್ಟರಮ್ಮ.

ಮೊನ್ನೆ ನಾನು ಅವರ ಮನೆಗೆ ಹೋದಾಗ ಕೇಳಿದೆ, ಈಗ ಅಂಜಿಕೆ ಹೋಯಿತೇ ಎಂದು. ಬಸ್ಸಮ್ಮ ಅಡ್ಡಡ್ಡ ತಲೆಯಾಡಿಸಿದಳು.

“ಇಲ್ಲವ್ವಾ. ಕೂಸು ಕೆಮ್ಮಿದ್ರ ಮೊದ್ಲ ಹಿತ್ತಲ ನೋಡ್ತೀನಿ, ಆಮ್ಯಾಗ ಕೂಸಿನ್ನ.”