ಆನ್ಸೆಲ್ಮೊ ಪ್ರೊಫೆಸರರ ತೃಪ್ತಿ ಸಮೀಕ್ಷೆ

ಆನ್ಸೆಲ್ಮೊ ಬಾರಾಗಾನ್ ಪ್ರೊಫೆಸರ್ ಆದದ್ದು ತಾಯಿ ದ್ರಾಕ್ಷಿ ಕೊಯ್ದು ಸವೆಸಿದ ಬೆರಳುಗಳಿಂದ. ಮೂವತ್ತು ವರ್ಷ ಅವನು ಆ ಬೆರಳುಗಳನ್ನೇ ಭಾಷಣಗಳ ಮೊದಲ ಸಾಲಿಗೆ ಬಳಸಿಕೊಂಡ. ಸಾರ್ವಜನಿಕ ಆಡಳಿತದ ಪಾಠ ಹೇಳಿದ, ಹನ್ನೊಂದು ಸೇವಾಸಂಸ್ಥೆಗಳ ಮಂಡಳಿಗಳಲ್ಲಿ ಕೂತ, ‘ನಮ್ಮ ಲಟಿನೊ ಸಮುದಾಯ’ ಎಂದು ಬಾಯ್ತುಂಬ ಹೇಳಿದ. ಸ್ಪ್ಯಾನಿಷ್ ಮಾತಿನ ಆ ವಲಸೆ ಸಮುದಾಯ ನಸುಕಿನಲ್ಲಿ ದ್ರಾಕ್ಷಿ ತೋಟಕ್ಕೆ ಹೊರಡುವಾಗ ಮಾತ್ರ ಅವನಿಗೆ ಎಚ್ಚರವಿರುತ್ತಿರಲಿಲ್ಲ.

ಇದೆಲ್ಲ ಕ್ರಿಸ್ಪಿನಾಗೆ ಗೊತ್ತು. ಅವಳು ಅವನ ತಾಯಿಯ ಜೊತೆ ಒಂದೇ ಸಾಲಿನಲ್ಲಿ ಕೊಯ್ದವಳು. ಈಗ ಚರ್ಚಿನ ಹಿಂದಿನ ಕೋಣೆಯಲ್ಲಿ ಶನಿವಾರದ ಚಿಕಿತ್ಸಾಲಯ ನೋಡಿಕೊಳ್ಳುತ್ತಾಳೆ: ಕೌಂಟಿ, ಅಂದರೆ ಜಿಲ್ಲಾಡಳಿತ ಕಳಿಸುವ ಒಬ್ಬ ನರ್ಸ್, ಸಕ್ಕರೆ ಕಾಯಿಲೆಗೆ ಮಾತ್ರೆ, ಕೀಟನಾಶಕದಿಂದ ಸುಟ್ಟ ಚರ್ಮಕ್ಕೆ ಮುಲಾಮು. ಅದನ್ನು ಉಳಿಸಬೇಕೋ ಮುಚ್ಚಬೇಕೋ ಎಂದು ತಿಳಿದು ಬರಲು ಕೌಂಟಿಯವರು ಆನ್ಸೆಲ್ಮೊನನ್ನೇ ಕಳಿಸಿದರು.

ಅವನು ನಲವತ್ತು ಪ್ರಶ್ನೆ ತಂದ. ಹೆಂಗಸರು ಎದ್ದು ಕುರ್ಚಿ ಬಿಟ್ಟುಕೊಟ್ಟರು, ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿದ ತಮಾಲೆ ಕಡುಬು ಬಿಸಿಮಾಡಿ ಬಡಿಸಿದರು. ಓದಿ ದೊಡ್ಡವನಾಗಿ ಬಂದ ಮಗನ ಮುಂದೆ ನೋವು ತೋಡಿಕೊಳ್ಳುವುದು ಅವರಿಗೆ ಮರ್ಯಾದೆಯಲ್ಲ.

“ಏನಾದ್ರೂ ತೊಂದರೆ ಇದೆಯಾ ಅಮ್ಮಾ?”

“ಏನಿಲ್ಲಪ್ಪ, ದೇವರ ದಯೆ, ಎಲ್ಲಾ ಚೆನ್ನಾಗಿದೆ. ಇನ್ನೊಂದು ಹಾಕಿಸ್ಕೋ, ಬಡವಾಗಿದ್ದೀಯ.”

ಹೀಗಂದವಳ ಕೈಗೆ ಮೊಣಕೈವರೆಗೂ ಬಟ್ಟೆ ಸುತ್ತಿತ್ತು. ಅವನು ‘ತೊಂದರೆ ಇಲ್ಲ’ ಎಂಬಲ್ಲಿ ಗುರುತು ಹಾಕಿ, ಎರಡನೆಯ ತಮಾಲೆಯ ಸಿಪ್ಪೆ ಬಿಚ್ಚಿದ.

ವರದಿಯ ಪ್ರಕಾರ ನೂರಕ್ಕೆ ತೊಂಬತ್ತೆರಡು ಮಂದಿ ತೃಪ್ತರು. ಕೌಂಟಿ ನರ್ಸನ್ನು ವಾಪಸು ಕರೆಸಿಕೊಂಡು ಕೋಣೆ ಮುಚ್ಚಿಸಿತು.

ಕ್ರಿಸ್ಪಿನಾ ಎರಡು ಬಸ್ಸು ಬದಲಿಸಿ ಅವನ ಕಾಲೇಜಿಗೇ ಹೋದಳು.

“ನಿಮ್ಮಮ್ಮನೂ ಡಾಕ್ಟ್ರಿಗೆ ಹಾಗೇ ಹೇಳ್ತಿದ್ಲು. ಸಕ್ಕರೆ ಕಾಯಿಲೆಗೆ ಪಾದ ಕತ್ತರಿಸಿದ ದಿನ ಬೆಳಿಗ್ಗೇನೂ ಎಲ್ಲಾ ಚೆನ್ನಾಗಿದೆ ಅಂದ್ಲು. ನೀನು ಪಕ್ಕದಲ್ಲೇ ಕೂತಿದ್ದೆ.”

“ಅದು ಮನೆ ವಿಷಯ, ಚಿಕ್ಕಮ್ಮಾ. ವರದೀಲಿ ಅವರು ಹೇಳಿದ್ದನ್ನೇ ಬರೀಬೇಕು. ವಿಧಾನ ಅಂತ ಒಂದಿರುತ್ತೆ.”

“ಇರಬೇಕಪ್ಪ. ಕಣ್ಣಿದ್ದೋರಿಗೆ ಅದೆಲ್ಲ ಯಾಕೆ ಬೇಕು.”

ಮುಂದಿನ ಶನಿವಾರ ಹೆಂಗಸರು ಅವಳ ಮನೆಯ ಜಗಲಿಗೆ ಬಂದರು. ಮಾತ್ರೆ ಕೊಡಲು ಅವಳಿಗೆ ಬಾರದು. ಗಾಯ ತೊಳೆದು ಕಟ್ಟುವುದನ್ನು ನರ್ಸಿನಿಂದ ಕಲಿತಿದ್ದಳು. ಅಷ್ಟೇ ನಡೆಯಿತು.

ಎರಡು ತಿಂಗಳಿಗೆ ಆನ್ಸೆಲ್ಮೊನ ಫೋನು ಬಂತು. “ಸಮುದಾಯದ ಸ್ವಾವಲಂಬನೆ ಬಗ್ಗೆ ಲೇಖನ ಬರೀತಿದ್ದೀನಿ ಚಿಕ್ಕಮ್ಮಾ. ಬಂದು ನೋಡ್ಲಾ?”

“ಬಾ. ಕೀವು ಒರೆಸೋಕೆ ಒಂದು ಕೈ ಕಮ್ಮಿ ಇದೆ.”

ಅವನು ಬರಲಿಲ್ಲ. ಲೇಖನ ಮಾತ್ರ ಆ ವರ್ಷವೇ ಅಚ್ಚಾಯಿತು.