ಮಾವನವರ ಕೈ, ಟರ್ಬೋ ಕಾರು

ನಮ್ಮ ಮಾವನವರ ಎಡಗೈ ಮೊಣಕೈಯ ಕೆಳಗೆ ಹಗ್ಗ ಹೊಸೆದಂತೆ ಉಬ್ಬಿತ್ತು. ಡಯಾಲಿಸಿಸ್‌ಗೆಂದು ವೈದ್ಯರು ಅಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿದ್ದರು. ಬೆರಳಿಟ್ಟರೆ ಒಳಗೆ ಜೇನುಹುಳ ಸಿಕ್ಕಿಬಿದ್ದಂತೆ ಗುಂಯ್‌ಗುಡುತ್ತಿತ್ತು. ಮನೆಗೆ ಬಂದವರು ಮುಖ ಸಪ್ಪಗೆ ಮಾಡಿಕೊಂಡು ಕೂತರೆ ತಾವೇ ತೋಳು ಚಾಚಿ, “ಮುಟ್ಟಿ ನೋಡ್ರಿ, ಇನ್ನಾ ಚಾಲೂ ಅದ” ಅನ್ನುತ್ತಿದ್ದರು.

ಲಿಂಗಸುಗೂರಿನ ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಇಸ್ತ್ರಿಯ ಬಿಳಿ ಅಂಗಿ, ಜೇಬಿನಲ್ಲಿ ಮಡಿಚಿದ ಕರವಸ್ತ್ರ, ಅದರೊಳಗೆ ಏಲಕ್ಕಿ. ಬೇಕೆಂದಷ್ಟು ನೀರು ಕುಡಿಯುವಂತಿರಲಿಲ್ಲ. ಬಾಯಾರಿದಾಗ ಒಂದು ಏಲಕ್ಕಿ. ಕಾನ್ವೆಂಟಿನಲ್ಲಿ ಓದಿದ ನಾನು ಮದುವೆಯಾಗಿ ಮಸ್ಕಿಗೆ ಬಂದ ಹೊಸದರಲ್ಲಿ ಮಾತುಮಾತಿಗೆ ‘ಸಾರಿ’ ಅನ್ನುತ್ತಿದ್ದೆ. “ಯವ್ವಾ, ಇದು ಕೋರ್ಟಲ್ಲ, ಮನಿ. ಹಿಂಗ್ಯಾಕ ಗುನ್ಹೆ ಒಪ್ಪಿಕೊಂತ ಅಡ್ಡಾಡ್ತಿ?” ಎಂದು ನಗಿಸಿದ್ದರು.

ವಾರಕ್ಕೆ ಎರಡು ಸಲ ಸಿಂಧನೂರಿನ ಆಸ್ಪತ್ರೆಗೆ ಹೋಗಬೇಕಿತ್ತು. ಹೋಗುವಾಗಿನ ಬಸ್ಸು ಹೇಗೋ ಆಗುತ್ತಿತ್ತು. ಬರುವಾಗ ಕಂಬಿ ಹಿಡಿದು ನಿಂತ ಅವರ ಕಾಲುಗಳು ನಡುಗುತ್ತಿದ್ದವು. ಒಂದು ಸರದಿ ತಪ್ಪಿದರೂ ಮುಖ ಬಾತು ಉಸಿರು ಮೇಲೆ ಬರುತ್ತಿತ್ತು. ತುರ್ವಿಹಾಳದಲ್ಲಿ ಮಾಸ್ತರಾಗಿರುವ ನಮ್ಮವರಿಗೆ ಪ್ರತಿ ಸಲ ರಜೆ ಎಲ್ಲಿ ಸಿಗಬೇಕು? ಹಳೆಯ ಕಾರೊಂದನ್ನು ಕೊಳ್ಳುವುದು, ನಾನೇ ಓಡಿಸುವುದು ಎಂದಾಯಿತು. ನಮ್ಮ ಕೈಗೆ ಎಟುಕುವ, ಹೆಚ್ಚು ಓಡಿರದ ಕಾರುಗಳೆಲ್ಲ ಟರ್ಬೋ ಇರುವ ಪೆಟ್ರೋಲಿನವೇ. “ಟರ್ಬೋ ಹ್ವಾತಂದ್ರ ಎಂಜಿನ್ನೂ ಎಳಕೊಂಡು ಹೋಗ್ತದ್ರೀ” ಎಂದು ಎದುರುಮನೆಯವರು ಹೆದರಿಸಿದರು. ನಡುದಾರಿಯಲ್ಲಿ ಕಾರು ನಿಂತು, ಮಾವನವರು ಬಿಸಿಲಲ್ಲಿ ಕೂತಿರುವ ಚಿತ್ರವೇ ನನ್ನ ಕಣ್ಣಿಗೆ ಕಟ್ಟುತ್ತಿತ್ತು.

ಅವರು ಮಾತ್ರ ಡಯಾಲಿಸಿಸ್ ಹಾಸಿಗೆಯಲ್ಲಿ ಮಲಗಿ ಮೊಬೈಲಿನಲ್ಲಿ ಕಾರಿನ ವಿಡಿಯೋ ನೋಡತೊಡಗಿದರು. ಆ ಕೋಣೆಯ ತುಂಬ ಕಾರಿನ ಪಂಚಾಯಿತಿ. ಪಕ್ಕದ ಹಾಸಿಗೆಯ ಸಾಲಗುಂದದ ಅಜ್ಜಿ ಸೂಜಿ ಚುಚ್ಚಿಸಿಕೊಳ್ಳುತ್ತಲೇ, “ಕೆಂಪಂದು ತಗೋರಿ, ದೂರದಿಂದ ಕಾಣಸ್ತದ” ಎಂದು ತೀರ್ಪು ಕೊಟ್ಟರು. ಟರ್ಬೋ ಅಂದರೇನು ಎಂದು ನಾನು ಮಾವನವರನ್ನು ಕೇಳಿದೆ. “ಎಂಜಿನ್ನಿಗೆ ಗಾಳಿ ತುರುಕೋ ಸಣ್ಣ ಪಂಖಾ. ಭಾಳ ಜೋರ ತಿರಗ್ತದ, ಭಾಳ ಕಾಯ್ತದ. ವ್ಯಾಳ್ಯಾಕ್ಕ ಚಲೋ ಆಯಿಲ್ ಬಿದ್ರ ಬಾಳ್ತದ. ನನ್ನ ಕೈ ಇದ್ದಂಗ” ಅಂದರು.

ಲಿಂಗಸುಗೂರಿನಲ್ಲಿ ನೋಡಿದ ಮೊದಲ ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಮಾರುವವನ ಬಾಯಿ ನಿಲ್ಲಲೇ ಇಲ್ಲ. “ಶೋರೂಮಿನ್ಯಾಗಿಂದ ತಂದಂಗ ಅದ ಕಾಕಾ, ಒಂದ ಸ್ಕ್ರೂ ಬಿಚ್ಚಿಲ್ಲ!” ಮಾವನವರು ಮಗುವಿನ ಜ್ವರ ನೋಡುವ ಹಾಗೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. ನಾವು ಬರುವ ಮೊದಲೇ ಚಾಲೂ ಮಾಡಿಟ್ಟಿದ್ದ. ಕಾದ ಎಂಜಿನ್ ತನ್ನ ರೋಗ ಮುಚ್ಚಿಡುತ್ತದಂತೆ.

“ನಾಳೆ ಮುಂಜಾನೆ ಬರ್ತೀವಪಾ. ನೀ ಎಬ್ಬಿಸಬ್ಯಾಡ, ನಾವ ಎಬ್ಬಸ್ತೀವಿ.”

ಮರುದಿನ ತಣ್ಣಗಿದ್ದ ಎಂಜಿನ್ ಎದ್ದ ಕೂಡಲೇ ಹಿಂದೆ ನೀಲಿ ಹೊಗೆ. ಒಳಗೆ ಆಯಿಲ್ ಸುಡುತ್ತಿತ್ತು. “ಚಳಿಗೆ ಹಂಗ ಬರ್ತದ ಕಾಕಾ” ಎಂದನವನು. “ಚಳಿ? ನಮ್ಮ ಸೀಮ್ಯಾಗ?” ಎಂದು ಮಾವನವರು ಕರವಸ್ತ್ರದಿಂದ ಹಣೆಯ ಬೆವರು ಒರೆಸಿಕೊಂಡು ಹಿಂದಿರುಗಿದರು.

ಎರಡನೆಯದು ಸಿಂಧನೂರಿನ ನಿವೃತ್ತ ನರ್ಸ್ ಒಬ್ಬರದು. “ಆಯಿಲ್ ಬದಲಿಸೋದು ತಡಾ ಮಾಡಿದ್ವಿ, ಟರ್ಬೋ ಹ್ವಾತ್ರಿ. ಹೊಸಾದು ಹಾಕಸೀನಿ. ಮೊದಲ ಹೇಳ್ತೀನಿ, ಆಮ್ಯಾಲ ಬೈಕೋಬ್ಯಾಡ್ರಿ” ಎಂದರು ಆಕೆ. ನಮ್ಮವರು ನನ್ನನ್ನು ಬದಿಗೆ ಕರೆದು, “ರಿಪೇರಿ ಆದದ್ದು ಬ್ಯಾಡ, ನಡಿ” ಅಂದರು. ಕೇಳಿಸಿಕೊಂಡ ಮಾವನವರು ಎಡತೋಳಿನ ಅಂಗಿ ಮೇಲೆ ಸರಿಸಿದರು.

“ಇದೂ ರಿಪೇರಿ ಆದದ್ದ. ನನ್ನನ್ನೂ ಇಲ್ಲೇ ಬಿಟ್ಟು ಹೋಗ್ತಿ ಏನಲೇ?”

“ತನ್ನ ತಪ್ಪು ತಾನ ಹೇಳೋ ಸಾಕ್ಷಿ ನನಗ ಕೋರ್ಟಿನ್ಯಾಗ ಸಿಕ್ಕಿದ್ದು ಭಾಳ ಕಮ್ಮಿ” ಎಂದ ಮಾವನವರು, ಆದರೂ ಬಾನೆಟ್ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ, ಚಾಲೂ ಮಾಡಿಸಿ, ಮೆಕ್ಯಾನಿಕ್‌ಗೂ ತೋರಿಸಿಯೇ ಹೂಂ ಅಂದರು. “ಬೂದಿ ಬಣ್ಣದ್ದು ತಂದೀರಲ್ರಿ!” ಎಂದು ಸಾಲಗುಂದದ ಅಜ್ಜಿ ಮುನಿಸಿಕೊಂಡರು.

ಆಸ್ಪತ್ರೆ ಮುಟ್ಟಿದ ಮೇಲೂ ಮಾವನವರು ಒಮ್ಮೆಲೇ ಕಾರು ಆರಿಸಗೊಡುತ್ತಿರಲಿಲ್ಲ. ಓಡಿ ಬಂದ ಟರ್ಬೋ ಕಾದಿರುತ್ತದೆ. ತಟ್ಟನೆ ನಿಲ್ಲಿಸಿದರೆ ಆಯಿಲ್ ಹರಿಯುವುದೂ ನಿಂತು ಒಳಗೇ ಸುಡುತ್ತದಂತೆ. “ಉಸಿರು ಬಿಡ್ಲಿ ತಡಿ” ಎಂದು ನನಗೊಂದು ಏಲಕ್ಕಿ ಕೊಟ್ಟು ತಾವೊಂದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸೂಜಿಗಳ ಭಯವನ್ನು ಮಗನಿಗೂ ಹೇಳದವರು ನನಗೆ ಹೇಳಿದ್ದು ಆ ಹೊತ್ತಿನಲ್ಲೇ. ಆಮೇಲೆ, “ಈಗ ಬಂದ್ ಮಾಡವಾ” ಎಂದು ಇಳಿಯುವರು. ಕಾರು ಕೆಟ್ಟು ಅವರ ಒಂದು ಸರದಿಯೂ ತಪ್ಪಲಿಲ್ಲ.

ಹೋದ ಬೇಸಿಗೆಯಲ್ಲಿ, ಮಧ್ಯಾಹ್ನದ ನಿದ್ದೆಯಲ್ಲೇ ಅವರ ಹೃದಯ ನಿಂತಿತು. ಎಬ್ಬಿಸಲು ಹೋದ ನಾನು ರೂಢಿಯಂತೆ ಎಡಗೈ ಮೇಲೆ ಬೆರಳಿಟ್ಟೆ. ಜೇನುಹುಳ ಹಾರಿಹೋಗಿತ್ತು.

ಕಾರು ಮಾರುವ ಮಾತು ಬಂದಾಗ ನಾನು ಒಪ್ಪಲಿಲ್ಲ. ನಮ್ಮ ಓಣಿಯ ಹೆಣ್ಣುಮಗಳೊಬ್ಬಳಿಗೆ ಡಯಾಲಿಸಿಸ್ ಶುರುವಾಗಿತ್ತು. ಈಗ ಅವಳನ್ನು ಕರೆದೊಯ್ಯುತ್ತೇನೆ. ಮೊದಲ ದಿನ ಆಸ್ಪತ್ರೆಯ ಮುಂದೆ, “ಬಂದೀವಲ್ಲಕ್ಕಾ, ಯಾಕ ಬಂದ್ ಮಾಡವಲ್ಲಿ?” ಎಂದಳು. ಸೀಟ್‌ಬೆಲ್ಟ್ ಮಾತ್ರ ಬಿಚ್ಚಿರಲಿಲ್ಲ.

“ಉಸಿರು ಬಿಡ್ಲಿ ತಡಿ” ಎಂದು ಕರವಸ್ತ್ರ ಬಿಚ್ಚಿ ಒಂದು ಏಲಕ್ಕಿ ಕೊಟ್ಟೆ. ಅದನ್ನು ಬಾಯಿಗೆ ಹಾಕಿಕೊಂಡು, ಕಿಟಕಿಯಾಚೆ ನೋಡುತ್ತ ಕೂತಳು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಬಾಗಿಲಿನ ಹಿಡಿಗೆ ಕೈ ಹಾಕಿ ಹೇಳಿದಳು:

“ಈಗ ಬಂದ್ ಮಾಡಕ್ಕಾ. ನಡಿ, ಹೋಗೂನು.”