ಏರಿಯ ಮೇಲಿನ ಹಡಗಲಿ

ನಮ್ಮ ಕೆರೆ ಏರಿಯ ಹಾದಿಯಲ್ಲಿ ಒಂದು ಓರೆ ಕಲ್ಲಿದೆ. ಬೆಳಿಗ್ಗೆ ವಾಕಿಂಗ್ ಬರುವ ಹೊಸಬರು, ಅದರಲ್ಲೂ ಫೋನ್ ನೋಡುತ್ತ ನಡೆಯುವವರು, ಅದನ್ನು ಎಡವಿ ನನ್ನ ಕಡೆ ತಿರುಗಿ ಗೊಣಗುತ್ತಾರೆ. "ಇಷ್ಟೆಲ್ಲ ಚಂದ ಮಾಡೀರಿ, ಈ ಕಲ್ಲೊಂದು ಯಾಕ ಬಿಟ್ಟೀರಿ ಟೀಚರ್ರ?" ಬಿಟ್ಟಿದ್ದಲ್ಲ, ನಾನೇ ಕೀಳಿಸಿ ಮತ್ತೆ ನೆಡಿಸಿದ್ದು. ನೆಡಿಸಿದ್ದೂ ಒಂದು ಸಲವಲ್ಲ, ಎರಡು ಸಲ. ಕಾರಣ ಹೇಳುತ್ತ ನಿಂತರೆ ಅವರ ವಾಕಿಂಗ್ ಕೆಡುತ್ತದೆ. "ಕೆಳಗ ನೋಡಿ ನಡೀರಿ" ಎಂದಷ್ಟೇ ಹೇಳುತ್ತೇನೆ. ನನ್ನ ಬಾಯಿ ಮೊದಲಿನಿಂದಲೂ ಅಷ್ಟೇ ಸಿಹಿ.

ನಾನು ಕೂಡ್ಲಿಗಿಯಲ್ಲಿ ಅಂಗನವಾಡಿ ಟೀಚರಾಗಿದ್ದವಳು. ನಿವೃತ್ತಿಯಾದ ಮೇಲೆ ಗದರಿಸಲು ಮಕ್ಕಳಿಲ್ಲದೆ ಬಾಯಿ ತುಕ್ಕು ಹಿಡಿಯುತ್ತಿತ್ತು. ಆಗ ಸಿಕ್ಕಿದ್ದು ಕೆರೆ ಗುಂಪು. ಪ್ರತಿ ಭಾನುವಾರ ಬೆಳಿಗ್ಗೆ ಏಳೆಂಟು ಜನ ಸೇರಿ ಏರಿಯ ಮೇಲಿನ ಜಾಲಿ ಕಡಿಯುವುದು, ಬಾಟಲಿ, ಪ್ಲಾಸ್ಟಿಕ್ ಆರಿಸುವುದು. ನಮ್ಮ ಮುಂದಾಳು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಜೇಬಿನಲ್ಲಿ ಸದಾ ಒಂದು ದಾರದುಂಡೆ ಇಟ್ಟುಕೊಂಡು, ಹಾದಿಯ ಎರಡೂ ಅಂಚಿಗೆ ದಾರ ಕಟ್ಟಿ, ಗೆರೆ ಎಳೆದಂತೆ ನೇರ ಬರಬೇಕೆಂದು ಹಟ ಹಿಡಿಯುವವರು. ಜೊತೆಗೆ ಕೆರೆಯ ತೂಬು ಕಾಯ್ದು ಮುದುಕನಾದ ಒಬ್ಬ ನೀರಗಂಟಿ. ಅವನು ಕೆಲಸಕ್ಕಿಂತ ಹೆಚ್ಚಾಗಿ ನಮ್ಮ ಕೆಲಸದ ತಪ್ಪು ಹುಡುಕುತ್ತಿದ್ದ. ಮುಗಿದ ಮೇಲೆ ಬೇವಿನ ಮರದ ಕೆಳಗೆ ಪೇಪರ್ ಹಾಸಿ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದೆವು. ನಿಜ ಹೇಳಬೇಕೆಂದರೆ ಅರ್ಧ ಜನ ಬರುತ್ತಿದ್ದುದು ಆ ಮಿರ್ಚಿಗೆ.

ನಮ್ಮಣ್ಣ ಈ ಗುಂಪಿನವನಲ್ಲ. ಅವನಿಗೆ ಏರಿ ಬೇಕಾಗಿದ್ದುದು ನಡೆಯಲು. ಸರ್ಕಾರಿ ಬಸ್ಸಿನ ಡ್ರೈವರಾಗಿದ್ದ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳ ನಡುವೆಯೇ ಅವನ ಆಯುಷ್ಯ ಸವೆದಿತ್ತು. ನಾನು ಚಿಕ್ಕವಳಿದ್ದಾಗ ಅವನ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಕುಳಿತು ಹೋಗುತ್ತಿದ್ದೆ. ಕೆಳಗಿನಿಂದ ಬಿಸಿ, ಎದುರಿನಿಂದ ಗಾಳಿ. ಜೋಳದ ಹೊಲದ ಆಚೆ ಬದುವಿನ ಮೇಲೆ ಯಾವುದೋ ಮುದುಕಿ ಕೈ ಎತ್ತಿ ಓಡಿ ಬರುತ್ತಿದ್ದರೆ ಬಸ್ಸಿನಲ್ಲಿ ಎಲ್ಲರಿಗಿಂತ ಮೊದಲು ಅವನಿಗೆ ಕಾಣುತ್ತಿತ್ತು. ಬಸ್ ನಿಲ್ಲಿಸಿ, "ಬಾ ಯವ್ವಾ, ನಿಧಾನಕ್ಕ ಬಾ" ಎಂದು ಕಾಯುತ್ತಿದ್ದ. ಸಂಜೆ ಹಡಗಲಿಯಿಂದ ಬರುವಾಗ ಒದ್ದೆ ಎಲೆಯಲ್ಲಿ ಸುತ್ತಿದ ಎರಡು ಮೊಳ ಮಲ್ಲಿಗೆ ತರುತ್ತಿದ್ದ, ಒಂದು ಅವ್ವನಿಗೆ, ಒಂದು ನನಗೆ. ಇವತ್ತಿಗೂ ಮಲ್ಲಿಗೆಯ ಜೊತೆ ಸ್ವಲ್ಪ ಡೀಸೆಲ್ ವಾಸನೆ ಬೆರೆಯದಿದ್ದರೆ ನನಗೆ ಅದು ಮಲ್ಲಿಗೆ ಅನ್ನಿಸುವುದಿಲ್ಲ.

ಅಣ್ಣ ಈಗಿಲ್ಲ. ನಾನು ಹೇಳುತ್ತಿರುವುದು ಅವನಿದ್ದ ಕೊನೆಯ ಕೆಲವು ವರ್ಷಗಳ ಮಾತು.

ನಿವೃತ್ತಿಯಾದ ಮೇಲೂ ಅವನ ಡ್ಯೂಟಿ ಮುಗಿಯಲಿಲ್ಲ. ಬೆಳಿಗ್ಗೆ ಕೋಲು ಹಿಡಿದು ಒಬ್ಬನೇ ಏರಿ ಹತ್ತುತ್ತಿದ್ದ. ಏರಿಯ ಮೆಟ್ಟಿಲೇ ಕೂಡ್ಲಿಗಿ. ಮುಂದಿನ ಬೇವಿನ ಮರ ಕೊಟ್ಟೂರು. ಅದರಾಚೆ ಹಾದಿಗೆ ಬಾಗಿ ಬೆಳೆದಿದ್ದ ಲಕ್ಕಿ ಗಿಡದ ಪೊದೆ ಹಗರಿಬೊಮ್ಮನಹಳ್ಳಿ. ಆ ಹೆಸರು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಪೊದೆಯೇ ಹಿಂದೆ ಬಿದ್ದಿರುತ್ತಿತ್ತು. ಓರೆ ಕಲ್ಲು ಹಡಗಲಿ. ಅಲ್ಲಿ ಕೂತು "ಹಡಗಲಿ, ಹತ್ತು ನಿಮಿಷ, ಟೀ" ಎನ್ನುತ್ತಿದ್ದ. ಕೆರೆಯ ಕೋಡಿ ಹರಪನಹಳ್ಳಿ. ಮೊಣಕಾಲು ನೋಯುವ ದಿನ ಮನೆಯಲ್ಲಿ, "ಇವತ್ತು ಬಸ್ ಹಡಗಲಿ ತನಕ ಅಷ್ಟ" ಎಂದು ಹೇಳಿ ಹೊರಡುತ್ತಿದ್ದ. ನಾವೆಲ್ಲ ನಗುತ್ತಿದ್ದೆವು. ಹಳೇ ಡ್ರೈವರ್, ಚಟ ಬಿಟ್ಟಿಲ್ಲ ಎಂದುಕೊಂಡಿದ್ದೆವು.

ನನಗೆ ಒಂದೇ ಚಿಂತೆ ಇತ್ತು. ಈಚೀಚೆಗೆ ಅವನು ಕಾಲೆಳೆದು ನಡೆಯುತ್ತಿದ್ದ. ಲಕ್ಕಿ ರೆಂಬೆ ಮುಖಕ್ಕೆ ತಾಗುತ್ತಿತ್ತು, ಓರೆ ಕಲ್ಲಿಗೆ ಚಪ್ಪಲಿ ಬಡಿಯುತ್ತಿತ್ತು. ಒಂದು ಕಡೆ ಕೆರೆ, ಇನ್ನೊಂದು ಕಡೆ ಇಳಿಜಾರು. ಬಿದ್ದರೆ ಗತಿಯೇನು? ಒಮ್ಮೆ ಬಿದ್ದನೆಂದರೆ ಅತ್ತಿಗೆ ಮತ್ತೆ ಒಬ್ಬನನ್ನೇ ಬಿಡುವುದಿಲ್ಲ, ಆ ನಡಿಗೆ ತಪ್ಪಿದರೆ ಅಣ್ಣ ಉಳಿಯುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಹೀಗಾಗಿ ಸಮಾಜಸೇವೆಯ ಹೆಸರಿನಲ್ಲಿ ನನ್ನ ಸ್ವಂತ ಕೆಲಸ ಮಾಡಿಸಿದೆ.

ನಮ್ಮ ಕಡೆಯವರಿಗೆ ಸ್ವಚ್ಛ ಎಂದರೆ ಒಂದೇ ಮಾದರಿ ಗೊತ್ತು, ಕಣ. ಸುಗ್ಗಿಯಲ್ಲಿ ಜೋಳ ಬಡಿಯಲು ನೆಲದ ಹುಲ್ಲು, ಕಡ್ಡಿ, ಕಲ್ಲು ಎಲ್ಲ ಕೆತ್ತಿ, ನೀರು ಹೊಡೆದು ಗಟ್ಟಿ ಮಾಡಿ, ಸೆಗಣಿ ಸಾರಿಸಿ, ಬಿದ್ದ ಒಂದೊಂದು ಕಾಳೂ ಕೈಗೆ ಸಿಗುವಂತೆ ಮಾಡುತ್ತೇವಲ್ಲ, ಅದು. "ಹಾದಿ ಅಂದ್ರ ಕಣ ಇದ್ದಂಗ ಇರಬೇಕು" ಎಂದೆ. ಎಲ್ಲರೂ ಹೊಲ ಮಾಡಿ ಬಂದ ಮನೆಯವರೇ. ಮಾತು ನೆಟ್ಟಗೆ ಹೋಗಿ ನಾಟಿತು. ಎರಡು ಭಾನುವಾರ ಸಲಿಕೆ ಆಡಿತು. ಎರಡನೆಯ ಭಾನುವಾರ ಲಕ್ಕಿ ಪೊದೆ ಬುಡಸಮೇತ ಹೋಯಿತು. ಓರೆ ಕಲ್ಲು ಹಾರೆಗೆ ಎದ್ದು ಇಳಿಜಾರಿಗೆ ಉರುಳಿತು. ಹೆಂಗಸರು ಬುಟ್ಟಿಗಟ್ಟಲೆ ಸೆಗಣಿ ತಂದು ಸಾರಿಸಿದರು, ಮೇಷ್ಟ್ರು ಅಂಚಿಗೆ ಸುಣ್ಣ ಎಳೆದರು. ನೀರಗಂಟಿ ಮಾತ್ರ ದೂರ ನಿಂತು, "ಕೆರಿ ಏರಿ ಮ್ಯಾಗ ಯಾರರ ಕಣ ಮಾಡ್ತಾರೇನ್ರಿ?" ಎಂದ. ಅವನದು ಇದ್ದದ್ದೇ ಎಂದು ಯಾರೂ ಕಿವಿಗೊಡಲಿಲ್ಲ.

ಮರುದಿನ ಅಣ್ಣನ ಸಂತೋಷ ನೋಡಲೆಂದು ಬೇಗ ಹೋಗಿ ಏರಿಯ ಮೇಲೆ ಕೂತೆ. ಬೇವಿನ ಮರ ದಾಟಿ ಬಂದ. ಐದಾರು ಹೆಜ್ಜೆ ಇಟ್ಟು ನಿಧಾನ ಮಾಡಿದ. ಎಡಗೈ ಗಾಳಿಯಲ್ಲಿ ಚಾಚಿದ, ಯಾರನ್ನೋ ಮುಟ್ಟುವಂತೆ. ಕೈಗೆ ಏನೂ ಸಿಗಲಿಲ್ಲ. ಚಪ್ಪಲಿ ಬಿಟ್ಟು ಬರಿಗಾಲಿನಿಂದ ನೆಲ ಸವರಿದ. ನಯವಾದ ನೆಲ, ಎತ್ತ ಸವರಿದರೂ ಒಂದೇ. ಆಮೇಲೆ ನಿಧಾನವಾಗಿ ತಿರುಗಿ, ನೇರ ನೀರಿನ ಕಡೆಗೆ ನಡೆಯತೊಡಗಿದ.

"ಅಣ್ಣಾ!" ಎಂದು ಕಿರುಚಿ ಓಡಿದೆ.

ಅವನು ಅಂಚಿಗೆ ಎರಡು ಹೆಜ್ಜೆ ಇರುವಾಗ ನಿಂತ. ಮುಖ ನನ್ನ ಕಡೆ ತಿರುಗಿತು, ಆದರೆ ಕಣ್ಣು ನನ್ನ ಹೆಗಲ ಮೇಲಿಂದ ಎಲ್ಲಿಯೋ ನೋಡುತ್ತಿತ್ತು. "ಯಾಕಲೇ ಹಂಗ ಒದರ್ತೀ? ನೀರು ಎಷ್ಟು ಐತಿ ಅಂತ ನೋಡಾಕ ಹೊಂಟಿದ್ದೆ" ಎಂದ. ಕೈ ಚಾಚಿ, "ನಿನಗ ಮೊಣಕಾಲು ಬ್ಯಾನಿ ಅಲ್ಲ? ನನ್ನ ಕೈ ಹಿಡಕೋ, ಮನಿಗೆ ಹೋಗೂಣು" ಎಂದ. ಹಿಡಿದೆ. ನನ್ನ ಮೊಣಕಾಲು ಚೆನ್ನಾಗಿಯೇ ಇತ್ತು. ಹೊಲದಾಚೆಯ ಮುದುಕಿಯನ್ನು ಕಂಡ ಆ ಕಣ್ಣು ಪಕ್ಕದಲ್ಲಿದ್ದ ತಂಗಿಯನ್ನು ಕಾಣಲಿಲ್ಲ.

ಅತ್ತಿಗೆಯನ್ನು ಅಡುಗೆಮನೆಗೆ ಕರೆದು ಕೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ಕಣ್ಣಿನ ನರ ಒಣಗ್ಯಾವಂತ ಡಾಕ್ಟ್ರು ಹೇಳ್ಯಾರ. ಆ ಚೀಟಿ ಅಂಗಿ ಕಿಸೇದಾಗ ಸಿಕ್ಕಿತ್ತು. ಅವರು ನನಗ ಹೇಳಿಲ್ಲ, ನಾನೂ ಕೇಳಿಲ್ಲ. ಡ್ರೈವರ್ ಮನಷ್ಯಾ, ಕಣ್ಣಿಲ್ಲ ಅಂತ ಬಾಯಿಬಿಟ್ಟು ಹೆಂಗ ಹೇಳ್ತಾರವ್ವಾ?"

ಆಗ ತಿಳಿಯಿತು. ನಾವು ನಕ್ಕ ಆ ಊರುಗಳೆಲ್ಲ ತಮಾಷೆಯಲ್ಲ. ಬೇವಿನ ನೆರಳಿನ ತಂಪು, ಮುಖಕ್ಕೆ ತಾಗುವ ಲಕ್ಕಿಯ ಘಾಟು, ಚಪ್ಪಲಿಗೆ ಬಡಿಯುವ ಕಲ್ಲು, ಕೋಡಿಯ ಗಾಳಿ, ಇಷ್ಟನ್ನೇ ಹಿಡಿದು ಅವನು ದಿನಾ ಹೋಗಿ ಬರುತ್ತಿದ್ದ. ಅದರಲ್ಲಿ ನಡುವಿನ ಎರಡು ಊರುಗಳನ್ನು ನಾನು ಸಲಿಕೆಯಿಂದ ಕೆತ್ತಿ ಹಾಕಿದ್ದೆ.

ಮರುದಿನ ಅಣ್ಣ ಏರಿಗೆ ಬರಲಿಲ್ಲ. ಕೇಳಿದರೆ, "ಬಸ್ ಡಿಪೋದಾಗ ಐತಿ" ಎಂದ. ವಾರವಿಡೀ ಡಿಪೋದಲ್ಲೇ ಇತ್ತು. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಬೀದಿಯಲ್ಲಿ ಹಾದುಹೋಗುವ ಬಸ್ಸಿನ ಹಾರ್ನ್ ಕೇಳುತ್ತಿದ್ದ. ಊಟ ಅರ್ಧಕ್ಕೆ ಇಳಿಯಿತು. ನನಗೆ ಅವನ ಮುಖ ನೋಡಲು ಧೈರ್ಯವಾಗುತ್ತಿರಲಿಲ್ಲ.

ಭಾನುವಾರ ಗುಂಪಿನ ಮುಂದೆ ಹೋಗಿ ನಿಂತೆ. ಅಣ್ಣನ ಗುಟ್ಟು ಬಿಟ್ಟುಕೊಡುವಂತಿಲ್ಲ, ಕಲ್ಲು ವಾಪಸು ಬರಲೇಬೇಕು. ಬಾಯಿಗೆ ಬಂದ ಸುಳ್ಳು ಹೇಳಿದೆ: "ಲಕ್ಕಿ ಗಿಡ, ಕಲ್ಲು ಇಲ್ಲಾಂದ್ರ ಮಳಿಗಾಲದಾಗ ಏರಿ ಕೊಚ್ಚಿಹೋಗ್ತತಿ. ಎಲ್ಲಾ ಮೊದಲಿದ್ದಂಗ ಹಾಕೂಣು."

ಮೇಷ್ಟ್ರ ಮುಖ ಸುಣ್ಣದ ಗೆರೆಯಷ್ಟೇ ಬೆಳ್ಳಗಾಯಿತು. "ಟೀಚರ್ರ, ಕೀಳ್ರಿ ಅಂದೋರು ನೀವ, ಈಗ ನೆಡ್ರಿ ಅನ್ನೋರೂ ನೀವ. ನಾವೇನು ನಿಮ್ಮ ಅಂಗನವಾಡಿ ಹುಡುಗ್ರಾ?"

ನನ್ನ ಕೈ ಹಿಡಿದವನು ನೀರಗಂಟಿ. "ಟೀಚರಮ್ಮ ಹೇಳೂದು ಖರೇ ಐತಿ. ಏರಿ ಹಿಡಿಯೂದ ಲಕ್ಕಿ ಬೇರು. ನಮ್ಮಪ್ಪ ನೆಟ್ಟಿದ್ದ ಪೊದಿ ಅದು. ನಾ ಅವತ್ತ ಹೇಳಿದೆ, ಯಾರು ಕೇಳಿದ್ರಿ?" ನಾನು ಹೇಳಿದ ಸುಳ್ಳು ನಿಜವೇ ಆಗಿತ್ತು. ಅವತ್ತೇ ಲಕ್ಕಿ ಕೊಂಬೆ ತಂದು ನೆಟ್ಟೆವು. ಉರುಳಿಸಿದ ಕಲ್ಲನ್ನು ಬಯ್ದುಕೊಳ್ಳುತ್ತ ಮೇಲೆ ತಂದು, ನೆನಪಿದ್ದ ಜಾಗದಲ್ಲಿ ಓರೆಯಾಗಿಯೇ ನಿಲ್ಲಿಸಿದೆವು. ಮೇಷ್ಟ್ರು ಅವತ್ತು ಮಿರ್ಚಿ ತಿನ್ನಲಿಲ್ಲ.

ಅಣ್ಣನ ಮನೆಗೆ ಹೋಗಿ, "ನನ್ನ ಮೊಣಕಾಲಿಗೆ ಡಾಕ್ಟ್ರು ನಡೀರಿ ಅಂದಾರ, ಒಬ್ಬಾಕೀಗೆ ಅಂಜಿಕಿ, ನೀನೂ ಬಾ" ಎಂದೆ. ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ಆ ಮಳೆಗಾಲ ಪೂರ್ತಿ ಕೈ ಹಿಡಿದು ನಡೆದೆವು. ನನ್ನ ಮಟ್ಟಿಗೆ ಅದು ಇಂಜಿನ್ ಪೆಟ್ಟಿಗೆಯ ಮೇಲೆ ಕೂತ ಕಾಲವೇ ತಿರುಗಿ ಬಂದಂತೆ ಇತ್ತು. ಯಾವ ತಿರುವಿನಲ್ಲಿ ಯಾವ ಹುಣಸೆಮರ, ಮಾಗಳದ ಹೊಳೆಯಲ್ಲಿ ಬಸ್ಸಿಗೆ ಸ್ನಾನ ಮಾಡಿಸಿದ್ದು, ನೀಲಗುಂದದ ಕಡೆಯ ಮದುವೆ ದಿಬ್ಬಣದಲ್ಲಿ ಮದುಮಗನನ್ನೇ ಬಿಟ್ಟು ಬಸ್ ಹೊರಟಿದ್ದು, ಎಲ್ಲ ಹೇಳುತ್ತಿದ್ದ. ದೊಡ್ಡ ಮಳೆ ಬಂದಾಗ ನಾವು ಬೋಳು ಮಾಡಿದ ಕಡೆಯಲ್ಲೆಲ್ಲ ಕೊರಕಲು ಬಿತ್ತು. ಮೇಷ್ಟ್ರು ಅದನ್ನು ನೋಡಿ ದಾರ ಸುತ್ತಿಟ್ಟು, ತಾವೇ ಇನ್ನಷ್ಟು ಲಕ್ಕಿ ನೆಟ್ಟರು.

ಲಕ್ಕಿ ಎದೆಯೆತ್ತರ ಚಿಗುರಿದ ಮೇಲೆ ಒಂದು ಬೆಳಿಗ್ಗೆ ಅಣ್ಣ, "ಇವತ್ತು ಒಬ್ಬನ ಹೊಕ್ಕೀನಿ" ಎಂದ. ಸರಿ ಎಂದೆ. ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ, ಹಿಂದೆ ಹಿಂದೆ ನಡೆದೆ. ಕೊಟ್ಟೂರು ದಾಟಿದ. ಲಕ್ಕಿ ಎಲೆ ಕೈಗೆ ತಾಗಿದಾಗ ಒಂದನ್ನು ಕಿತ್ತು ಮೂಸಿದ. ಅವನ ಚಪ್ಪಲಿ ಕಲ್ಲಿಗೆ ಬಡಿಯಿತು. ಅಲ್ಲಿ ನಿಂತ, ಕೂರಲಿಲ್ಲ. ಹಿಂದೆ ತಿರುಗದೆಯೇ ಹೇಳಿದ:

"ತಂಗೀ, ಬರಿಗಾಲಾಗ ಯಾಕ ನಡೀತೀ, ಮುಳ್ಳು ಚುಚ್ಚೀತು. ಮತ್ತ ನೋಡು, ಹಡಗಲಿ ಮೂರು ಹೆಜ್ಜಿ ಮುಂದಕ್ಕ ಬಂದೈತಿ."

ಕಣ್ಣಿನ ವಿಷಯ ಅವನು ಬಾಯಿಬಿಟ್ಟು ಹೇಳಿದ್ದು ಇಷ್ಟೇ, ಮುಂದೆಯೂ ಹೇಳಲಿಲ್ಲ. "ಹಿಂದಕ್ಕ ಸರಸ್ತೀನಣ್ಣ" ಎಂದೆ.

ಮುಂದಿನ ಭಾನುವಾರ ಮೇಷ್ಟ್ರ ಹತ್ತಿರ ಹೋಗಿ, ಕಲ್ಲು ಮೂರು ಹೆಜ್ಜೆ ಈಚೆಗೆ ಬರಬೇಕು ಎಂದೆ. ಅವರು ಅಳತೆಗೆ ದಾರ ತೆಗೆದು, "ಯಾರ ಹೆಜ್ಜಿ ಟೀಚರ್ರ?" ಎಂದರು. "ನಮ್ಮಣ್ಣನ ಹೆಜ್ಜಿ" ಎಂದೆ. ಮೇಷ್ಟ್ರು ದಾರವನ್ನು ಜೇಬಿಗೆ ಹಾಕಿ, ಹಾರೆ ಎತ್ತಿಕೊಂಡರು.

ಸೋಮವಾರ ಅಣ್ಣ ಬಂದ, ಕಲ್ಲು ತಾಗಿತು, ಕೂತ. "ಹಡಗಲಿ. ಹತ್ತು ನಿಮಿಷ, ಟೀ." ಹತ್ತು ನಿಮಿಷವಾದ ಮೇಲೆ ಎದ್ದು, ಕೋಲು ಹಿಡಿದು, ಸುಮ್ಮನೆ ನಿಂತೇ ಇದ್ದ. ನನಗೆ ಗಾಬರಿಯಾಯಿತು. "ಯಾಕಣ್ಣ?" ಎಂದೆ.

"ಕಂಡಕ್ಟರ್ ಹೇಳದ ಬಸ್ ಹೆಂಗ ಬಿಡ್ಲಿ?"

"ರೈಟ್, ರೈಟ್" ಎಂದೆ. ಅಣ್ಣ ಹರಪನಹಳ್ಳಿ ಕಡೆ ಒಬ್ಬನೇ ಹೊರಟ.